ದಾನೇಶ್ವರಿಯ ಪುಟದ ಖಾಲಿ ಚೌಕಗಳು

ಬನಹಟ್ಟಿ
ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಕಡೆಬಿಸಿಲು ತಿಂಗಳು, ಮೂವತ್ತೈದನೆಯ ದಿನ

ಚಿರಂಜೀವಿ ದಾನೇಶ್ವರಿಗೆ ತಂಗೆವ್ವ ಮಾಡುವ ಆಶೀರ್ವಾದಗಳು.

ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಿಮ್ಮ ಕ್ಯಾಲೆಂಡರಿನಲ್ಲಿ ಈ ತಿಂಗಳು ಇರಲಿಲ್ಲ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಾದಾಗ ಪಂಚಾಂಗದವರು ಜ್ಯೇಷ್ಠಕ್ಕೆ ಮುಂಚೆ ಇದೊಂದನ್ನು ತುರುಕಿದರು. ಇದಕ್ಕೆ ಎಷ್ಟು ದಿನ ಎಂದು ಯಾರೂ ಹೇಳಲಾರರು, ಮಳೆ ಬಿದ್ದ ದಿನ ಇದು ಮುಗಿಯುತ್ತದೆ. ನನ್ನ ಕೆಲವು ಶಬ್ದಗಳೂ ಹೀಗೆಯೇ ನಿನಗೆ ವಿಚಿತ್ರ ಅನ್ನಿಸಬಹುದು. ಸಿಟ್ಟಾಗಬೇಡ, ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಲೆಕ್ಕ ಹಿಡಿದರೆ ನೀನು ನನ್ನ ಅಜ್ಜಿಯ ಅಜ್ಜಿಗಿಂತಲೂ ಆಚೆಯವಳು, ನಾನು ನಿನ್ನ ಕಾಲು ಹಿಡಿಯಬೇಕು. ಆದರೆ ಜಾಲದಲ್ಲಿ ನನಗೆ ಸಿಕ್ಕ ನಿನ್ನ ಪುಟದ ಮೇಲೆ ನೀನು ಒಂಬತ್ತನೆಯ ಇಯತ್ತೆಯ ಹುಡುಗಿ, ಕೂದಲು ನೆರೆತದ್ದು ನನ್ನದು. ಅದಕ್ಕೇ ಏಕವಚನದಲ್ಲಿ ಬರೆಯುತ್ತೇನೆ, ಬೈಯುವುದನ್ನೂ ಏಕವಚನದಲ್ಲೇ ಬೈಯುತ್ತೇನೆ.

ನಮ್ಮ ಕಾಲದ್ದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ದುಃಖ ನಿನಗೆ ತಿಳಿಯುವುದಿಲ್ಲ. ಈಗ ಕಿವುಡು ಎನ್ನುವ ಮಾತೇ ಇಲ್ಲ ಎಂದು ದೊಡ್ಡವರು ಹೇಳುತ್ತಾರೆ. ಹುಟ್ಟಿದ ಮಗುವಿನ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಒಂದು ವಸ್ತು ಇಡುತ್ತಾರೆ. ಅದಕ್ಕೆ ಕಿವಿಬೀಜ ಎನ್ನುತ್ತೇವೆ. ಅದು ಒಳಗೆ ಬೇರು ಬಿಟ್ಟರೆ ಮಗುವಿಗೆ ಕೇಳಿಸುತ್ತದೆ. ಅದು ಬಂದ ಮೇಲೆ ಕೈಯಲ್ಲಿ ಮಾತಾಡುವುದನ್ನು ಕಲಿಸುವ ಶಾಲೆಗಳನ್ನು ಮುಚ್ಚಿದರು. ಆ ಕೈಮಾತಿನ ಚಿತ್ರಗಳೆಲ್ಲ ಯಾರದೋ ಉಗ್ರಾಣದಲ್ಲಿದ್ದವಂತೆ, ಒಡೆಯ ಅಂಗಡಿ ಮುಚ್ಚಿದಾಗ ಅವೂ ಹೋದವು. ಯಾರೂ ಅಳಲಿಲ್ಲ, ಇನ್ನೇಕೆ ಬೇಕು ಎಂದರು. ಮನೆಮನೆಯಲ್ಲೂ ಮಾತುಗೋಡೆ ಇದೆ. ಗೋಡೆಯನ್ನು ಕೇಳಿದರೆ ಗೋಡೆಯೇ ಉತ್ತರ ಹೇಳುತ್ತದೆ, ಅಡಿಗೆ ಹೇಳಿಕೊಡುತ್ತದೆ, ಲೆಕ್ಕ ಮಾಡುತ್ತದೆ. ಹಾಗಾಗಿ ಬರೆಯುವವರು ಕಡಿಮೆ, ನಿಮ್ಮ ಹಾಗೆ ಜಾಲಕ್ಕೆ ಪುಟ ಕಟ್ಟುವವರು ಇಲ್ಲವೆಂದೇ ಹೇಳಬೇಕು. ನಮ್ಮ ಓಣಿಯ ಗಂಡಸರಿಗಂತೂ ತಮ್ಮ ಹೆಂಡತಿಯ ಹೆಸರನ್ನೂ ಗೋಡೆಯೇ ನೆನಪಿಸಬೇಕು.

ನನ್ನ ಮಗಳು ರುಕ್ಮಾ ನೆರಳುಚಪ್ಪರದ ಕೆಲಸಕ್ಕೆ ಹೋಗುತ್ತಾಳೆ. ಹೊಲದ ಮೇಲೆ ಬಟ್ಟೆ ಹಾಸಿ ಬೆಳೆಯನ್ನು ಬಿಸಿಲಿನಿಂದ ಕಾಯುವ ಕೆಲಸ ಅದು, ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವಳ ಮಗಳು ಕಸ್ತೂರಿ ನನ್ನ ಹತ್ತಿರ ಬೆಳೆದಳು. ಕಸ್ತೂರಿಯ ಕಿವಿಯಲ್ಲಿ ಬೀಜ ಬೇರು ಬಿಡಲಿಲ್ಲ. ಇಂಥ ಮಕ್ಕಳು ಸಾವಿರದಲ್ಲಿ ಒಂದೂ ಇಲ್ಲ, ಆದ್ದರಿಂದ ಅವರಿಗೆಂದು ಏನೂ ಇಲ್ಲ. ಅಂಥ ಮಗುವನ್ನು ಏಳು ತುಂಬಿದ ಮೇಲೆ ಪಟ್ಟಣದ ಕಿವಿಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ. ಮತ್ತೆ ಬೀಜ ಹಾಕಿ, ಬೇರು ಬಿಡುವವರೆಗೆ, ವರ್ಷಗಟ್ಟಲೆ. ಅದು ನಿಯಮ. ನಾನು ಬೇಡ ಅನ್ನಲಿಲ್ಲ, ಹುಡುಗಿಗೆ ಕೇಳಿಸುವಂತಾದರೆ ನನಗಿಂತ ಹೆಚ್ಚು ಸಂತೋಷ ಯಾರಿಗೆ? ನನಗೆ ಬೇಕಾಗಿದ್ದುದು ಒಂದೇ. ಅವಳನ್ನು ಬಂಡಿಗೆ ಹತ್ತಿಸುವ ಮೊದಲು, ನಿನ್ನನ್ನು ಬಿಟ್ಟುಬಿಡುತ್ತಿಲ್ಲ, ಹೊಳ್ಳಿ ಮನೆಗೆ ಕರೆದುಕೊಂಡು ಬರುತ್ತೇನೆ ಎಂದು ಹೇಳಬೇಕಾಗಿತ್ತು.

ಹೇಗೆ ಹೇಳುವುದು? ನೀರು, ರೊಟ್ಟಿ, ಆಡು, ಇವನ್ನು ಬೆರಳು ತೋರಿಸಿ ಹೇಳಬಹುದು. ನಾಳೆಯನ್ನು ಯಾವ ಬೆರಳಿನಿಂದ ತೋರಿಸುವುದು? ನಾನು ಸೂರ್ಯನನ್ನು ತೋರಿಸಿ, ಕಣ್ಣು ಮುಚ್ಚಿ, ತೆರೆದು, ಮತ್ತೆ ಸೂರ್ಯನನ್ನು ತೋರಿಸಿದೆ. ಕಸ್ತೂರಿ ಒಳಗೆ ಓಡಿ ಬೀಸಣಿಗೆ ತಂದು ನನಗೆ ಗಾಳಿ ಹಾಕಿದಳು. ರಸ್ತೆಯ ಕಡೆಗೆ ನಡೆದು ತಿರುಗಿ ಬಂದು ತೋರಿಸಿದೆ. ಅವಳು ಚಪ್ಪಲಿ ಹಾಕಿಕೊಂಡು ನಿಂತಳು. ಪಕ್ಕದ ಮನೆಯ ಶಾವಂತ್ರವ್ವ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. “ಏನ ತಂಗೆವ್ವಾ, ಮುಪ್ಪಿನ ಕಾಲಕ್ಕ ನಾಟಕಾ ಕಲ್ಯಾಕತ್ತಿಯೇನ?” ಎಂದಳು. “ಹೂಂ ಬೇ, ಒಂದ ಪಾತ್ರಾ ಕಡಿಮಿ ಬಿದ್ದೈತಿ, ಕ್ವಾಣದ್ದು. ನೀ ಬಾ” ಎಂದೆ. ಅವಳು ಒಳಗೆ ಹೋದಳು, ನಾನು ಹಿತ್ತಲಿಗೆ ಹೋಗಿ ಅತ್ತೆ.

ಆಮೇಲೆ ಗೋಡೆಯನ್ನು ಕೇಳಿದೆ, ನಮ್ಮ ಕಡೆಯ ಕೈಮಾತು ಎಲ್ಲಾದರೂ ಉಳಿದಿದೆಯೇ ಎಂದು. ಗೋಡೆ ಹಳೆಜಾಲವನ್ನು ಕೆದಕಿತು. ನಿಮ್ಮ ಕಾಲದ ಪುಟಗಳಲ್ಲಿ ಅಳಿದುಳಿದವನ್ನು ರಾಶಿ ಹಾಕಿಟ್ಟ ಜಾಗಕ್ಕೆ ಹಳೆಜಾಲ ಎನ್ನುತ್ತೇವೆ. ಅಲ್ಲಿಂದ ನಿನ್ನ ಪುಟ ಎದ್ದು ಬಂತು. ತಿಳಿಗುಲಾಬಿ ಬಣ್ಣ, ಮೇಲೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಮನೆಯ ಕೈಮಾತು’, ಕೆಳಗೆ ನಿನ್ನ ಹೆಸರು, ನಮ್ಮದೇ ಅಡ್ಡಹೆಸರು, ಒಂಬತ್ತನೆಯ ತರಗತಿ, ಕಂಪ್ಯೂಟರ್ ಪ್ರಾಜೆಕ್ಟ್. ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. “ನಮ್ಮ ಮಗ್ಗದ ಮನಿಯೊಳಗ ಸಪ್ಪಳಕ್ಕ ಎಲ್ಲಾರೂ ಕಿವುಡರ. ನಮ್ಮ ಆಯಿ ಹೊರಗೂ ಕಿವುಡಿ, ಅಷ್ಟ ಫರಕ. ಅದಕ್ಕ ನಮ್ಮ ಮನ್ಯಾಗ ಎಲ್ಲಾರೂ ಕೈಲೇ ಮಾತಾಡತೀವಿ.” ಎಷ್ಟು ಚಂದ ಬರೆದಿದ್ದೀ! ನಿನ್ನ ಆಯಿಯ, ಆ ಅಜ್ಜಿಯ ರಕ್ತವೇ ಸುತ್ತಿ ಬಳಸಿ ನನ್ನ ಕಸ್ತೂರಿಯವರೆಗೆ ಬಂದಿದೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಅದರ ಕೆಳಗೆ ಚೌಕಗಳು, ಸಾಲುಸಾಲು. ಒಂದೊಂದು ಚೌಕದ ಕೆಳಗೆ ಒಂದೊಂದು ಮಾತು. ‘ಕಂಡಿಕಿ ತೀರೇತಿ, ನೂಲ ಸುತ್ತಿ ಕೊಡ.’ ‘ಚಾ ಬಂತು.’ ‘ಸಾವ್ಕಾರ ಬಂದ, ಸುಮ್ಮನ ಕುಂದರ.’ ‘ಮಳಿ ಬಂತು, ಅರಿವಿ ತಗಿ.’ ‘ಇಂವ ಸುಳ್ಳ ಹೇಳಾಕತ್ತಾನ.’ ಮತ್ತು ಬಲಗಡೆ, ‘ಹೊಳ್ಳಿ ಬರತೀನಿ, ಅಳಬ್ಯಾಡ.’ ಚೌಕದೊಳಗೆ ಮಾತ್ರ ಏನೂ ಇರಲಿಲ್ಲ. ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಗುರುತು, ಅಷ್ಟೇ. ಎಲ್ಲ ಚೌಕಗಳೂ ಹಾಗೆಯೇ. ಕೈಗಳೆಲ್ಲ ಹೋಗಿ ಮಾತುಗಳು ಮಾತ್ರ ಉಳಿದಿದ್ದವು. “ಚಿತ್ರ ಸಿಗಲಿಲ್ಲ” ಎಂದಿತು ಗೋಡೆ. “ಯಾಕ ಸಿಗಲಿಲ್ಲ?” ಎಂದರೆ ಮತ್ತೆ “ಚಿತ್ರ ಸಿಗಲಿಲ್ಲ.”

ಗೋಡೆ ಹೇಳದಿದ್ದರೆ ನಾನೇ ತಿಳಿದುಕೊಳ್ಳುತ್ತೇನೆ ಎಂದು ಹಟ ಹುಟ್ಟಿತು. ಹಳೆಯ ಮಗ್ಗದ ಶೆಡ್ಡೊಂದರಲ್ಲಿ ಗುರುಬಾಯಿ ಅಕ್ಕೋರು ಎಂಬವರು ಹಳೆಯ ರೀತಿಯಲ್ಲಿ ಕೈಯಿಂದ ಪುಟ ಕಟ್ಟುವುದನ್ನು ಕಲಿಸುತ್ತಾರೆ. ಕಲಿಯಲು ಬರುವವರು ಹರೆಯದ ಹುಡುಗಿಯರು, ಹಳೆಯ ಕಸೂತಿ ಕಲಿಯುವ ಹಾಗೆ ಹವ್ಯಾಸಕ್ಕೆ. ನಾನು ಮಣೆ ಹೊತ್ತುಕೊಂಡು ಹೋದೆ. ಹುಡುಗಿಯರು ಮುಸಿಮುಸಿ ನಕ್ಕರು. ಮೂಲೆಗುರುತಿನ ನಡುವೆ ಯಂತ್ರಕ್ಕೆ ಅಪ್ಪಣೆ ಬರೆಯುವುದು, ಮುಗಿದ ಮೇಲೆ ಗೀಟು ಹಾಕಿ ಮುಚ್ಚುವುದು, ಇಷ್ಟು ಕಲಿಯಲು ನನಗೆ ಒಂದು ಹಂಗಾಮು ಹಿಡಿಯಿತು. ಒಮ್ಮೆ ದಪ್ಪ ಅಕ್ಷರದ ಅಪ್ಪಣೆಯನ್ನು ಮುಚ್ಚಲು ಮರೆತೆ, ಪುಟದ ಅಕ್ಷರಗಳೆಲ್ಲ ಬಾತುಕೊಂಡವು. “ಆಯಿ, ಬಾಗಿಲಾ ತಗದ ಮ್ಯಾಲ ಹಾಕಬೇಕಲ್ಲ?” ಎಂದರು ಅಕ್ಕೋರು. “ನಮ್ಮ ಮನ್ಯಾಗ ಬಾಗಿಲಾ ಹಾಕೂ ಪದ್ಧತಿ ಇಲ್ಲರೀ ಅಕ್ಕೋರ, ಮಂದಿ ಬರಾವ್ರು ಹೋಗಾವ್ರು ಇರತಾರ” ಎಂದೆ. ಅವರೂ ನಕ್ಕರು. ಹುಡುಗಿಯರು ಆ ದಿನದಿಂದ ನನಗೆ ಕುಡಿಯಲು ನೀರು ತಂದುಕೊಡತೊಡಗಿದರು.

ಮೊದಲ ಪೂರ್ತಿ ಪುಟ ಕಟ್ಟಿದ್ದು ನನ್ನ ಆಡಿನ ಮೇಲೆ. ಹೆಸರು, ಗುಣ, ಹಾಲು, ಒಂದು ಫೋಟೊ. ನನ್ನ ಯಂತ್ರದಲ್ಲಿ ಆಡು ಕಿವಿ ನಿಮಿರಿಸಿಕೊಂಡು ನಿಂತಿತ್ತು. ಪ್ರಕಟಿಸುವ ಬಟನ್ ಒತ್ತಿದೆ. ಅಕ್ಕೋರು ತಮ್ಮ ಯಂತ್ರದಲ್ಲಿ ತೆರೆದರು. ಅಲ್ಲಿ ಆಡಿಲ್ಲ! ಖಾಲಿ ಚೌಕ, ಮೂಲೆಯಲ್ಲಿ ಹರಿದ ಕಾಗದದ ಗುರುತು. “ಆಯಿ, ಆಡಿನ ಫೋಟೊ ಎಲ್ಲೈತಿ ಅಂತ ಬರದೀರಿ ನೋಡ್ರಿ. ನಿಮ್ಮ ಯಂತ್ರದೊಳಗ, ನಿಮ್ಮ ಫೋಲ್ಡರಿನೊಳಗ ಅಂತ ಬರದೀರಿ. ಆಡ ನಿಮ್ಮ ಹಿತ್ತಲದಾಗ ಕಟ್ಟಿ, ಊರಾಗಿನ ಮಂದಿಗೆ ಹಾಲ ಹಿಂಡಕೋರಿ ಅಂದಂಗಾತು. ಪುಟದ ಜೋಡಿ ಫೋಟೊನೂ ಕಳಿಸಬೇಕು, ದಾರಿನೂ ಹಂಗ ಬರೀಬೇಕು” ಎಂದರು. ಹುಡುಗಿಯರು ಬಿದ್ದುಬಿದ್ದು ನಕ್ಕರು. ನಾನು ನಗಲಿಲ್ಲ. “ಅಕ್ಕೋರ, ನನಗ ಒಂದ ಹಳೀ ಪುಟದ ಹೊಟ್ಟಿ ಬಿಚ್ಚಿ ತೋರಸ್ರಿ” ಎಂದೆ.

ಬಿಚ್ಚಿ ನೋಡಿದರೆ ನಿನ್ನದೂ ಅದೇ, ದಾನವ್ವಾ. ಪ್ರತಿಯೊಂದು ಚೌಕದ ಒಳಗೂ ನಿಮ್ಮ ಶಾಲೆಯ ಯಂತ್ರದ ವಿಳಾಸ, ಡೆಸ್ಕ್‌ಟಾಪ್, ಅದರೊಳಗೆ ‘ದಾನು ಫೋಟೊ’ ಎಂಬ ಫೋಲ್ಡರ್. ನೀನು ಅದೇ ಯಂತ್ರದ ಮುಂದೆ ಕೂತು ನೋಡಿದೆ. ನಿನ್ನ ಆಯಿಯ ಕೈಗಳು ಸಾಲಾಗಿ ಕಂಡವು, ಸಂತೋಷಪಟ್ಟೆ. ನಿಮ್ಮ ಸರ್ ಕೂಡ ಅದೇ ಯಂತ್ರದಲ್ಲಿ ನೋಡಿದರು. ಪುಟದ ತಳದಲ್ಲಿ ನೀನು ಖುಷಿಯಿಂದ ಸೇರಿಸಿದ ಸಾಲೂ ಇದೆ, ‘ಸರ್ ಹತ್ತಕ್ಕೆ ಒಂಬತ್ತು ಕೊಟ್ಟರು!’ ಆ ಒಂಬತ್ತು ಕೊಟ್ಟವರ ಕಣ್ಣಿಗೆ ನನ್ನ ಶಾಪ ತಟ್ಟದಿರಲಿ, ಆದರೆ ಪಕ್ಕದ ಯಂತ್ರದಲ್ಲಿ ಒಮ್ಮೆ ತೆರೆದು ನೋಡಲು ಅವರಿಗೇನು ಬಂದಿತ್ತು ಧಾಡಿ? ಪಕ್ಕದ ಹುಡುಗಿಯನ್ನು ನೀನಾದರೂ ಕೇಳಬಾರದಾಗಿತ್ತೇ, “ನಮ್ಮ ಆಯಿ ನಿನಗ ಕಾಣತಾಳೇನ?” ಎಂದು?

ಚಿತ್ರದ ಜೊತೆಗೆ ಅದರಲ್ಲೇನಿದೆ ಎಂದು ಮಾತಿನಲ್ಲಿ ಬರೆಯುವ ಒಂದು ಜಾಗವೂ ಇರುತ್ತದೆ, ಕಣ್ಣು ಕಾಣದವರಿಗಾಗಿ, ನಮ್ಮ ಗೋಡೆಗಳು ಅದನ್ನು ತೋರಿಸುವುದಿಲ್ಲ ಎಂದು ಅಕ್ಕೋರು ಹೇಳಿದರು. ನೀನು ಅದನ್ನು ಎಲ್ಲ ಕಡೆ ಖಾಲಿ ಬಿಟ್ಟಿದ್ದೆ. ಕಡೆಯ ಚೌಕದಲ್ಲಿ ಮಾತ್ರ ಬರೆದಿದ್ದೆ, ಬೇಸರದಿಂದ ಬರೆದ ಹಾಗಿತ್ತು. “ಕರೆಂಟ್ ಹೋದಾಗ ತಗದದ್ದು, ಫೋಟೊ ಕರ್ರಗ ಬಂದೈತಿ, ಏನೂ ಕಾಣಂಗಿಲ್ಲ, ಅದಕ್ಕ ಬರೀತೀನಿ. ಕತ್ತಲಾದಾಗ ಆಯಿ ಮುಟಿಗಿ ಮಾಡಿ ತನ್ನ ಎದಿ ಮ್ಯಾಲ ಇಡತಾಳ. ಆಮ್ಯಾಲ ಕೈ ಬಿಚ್ಚಿ ನನ್ನ ಎದಿ ಮ್ಯಾಲ ಇಡತಾಳ.” ಅದರ ಕೆಳಗಿನ ಮಾತು, ‘ನಾ ಇಲ್ಲೇ ಅದೀನಿ.’ ಚಂದ ಬಂದ ಫೋಟೊಗಳೆಲ್ಲ ಹೋದವು. ಕೆಟ್ಟು ಕಪ್ಪಾದ ಫೋಟೊದ ಕೈಮಾತು ಒಂದೇ ನನ್ನವರೆಗೆ ಬಂತು.

ಆ ದಿನ ಮನೆಗೆ ಬಂದು ಕಸ್ತೂರಿಯ ಮುಂದೆ ಕೂತು ಹಾಗೆಯೇ ಮಾಡಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೂ ಮುಷ್ಟಿ ಮಾಡಿ, ಬಿಚ್ಚಿ, ನನ್ನ ಎದೆಯ ಮೇಲೆ ಇಟ್ಟಳು. ಅಂದಿನಿಂದ ಅದೇ ಹುಚ್ಚು. ಆಡಿಗೆ, ನೀರಿನ ಹಂಡೆಗೆ, ಕಟ್ಟೆಯ ಮೇಲಿನ ಶಾವಂತ್ರವ್ವನಿಗೆ, ಎಲ್ಲರಿಗೂ ‘ನಾ ಇಲ್ಲೇ ಅದೀನಿ’. ಶಾವಂತ್ರವ್ವ ಮೊದಲು ಬೆಚ್ಚಿದಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾವು ಇನ್ನಷ್ಟು ಕೈಮಾತು ನಾವೇ ಕಟ್ಟಿಕೊಂಡೆವು. ಆದರೆ ಹೊಳ್ಳಿ ಬರುವ ಮಾತು ನನ್ನ ಕೈಗೆ ಹತ್ತಲೇ ಇಲ್ಲ. ನಿಮ್ಮ ಮನೆಯಲ್ಲಿ ಅದು ಇತ್ತು. ನಿಮ್ಮವ್ವ ಸಂತೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಅದನ್ನು ಮಾಡಿರಬೇಕು, ಮಗು ನೋಡಿ ಅಳು ನಿಲ್ಲಿಸಿರಬೇಕು.

ಈ ತಿಂಗಳ ಮೊದಲಲ್ಲಿ ಕಿವಿಮನೆಯ ಬಂಡಿ ಬಂತು. ಬಂದ ಹುಡುಗ ಒಳ್ಳೆಯವನು, “ಲಗೂನ ಹತ್ತಸ್ರಿ ಆಯಿ, ಬಿಸಲ ಏರತೈತಿ” ಎಂದ. ಕಸ್ತೂರಿ ಚಪ್ಪಲಿ ಹಾಕಿಕೊಂಡು ನನಗೂ ಚಪ್ಪಲಿ ತಂದಿಟ್ಟಳು. ನಾನು ಹಾಕಿಕೊಳ್ಳಲಿಲ್ಲ. ಆಗ ಅವಳಿಗೆ ತಿಳಿಯಿತು. ನಾನು ಮುಷ್ಟಿಯನ್ನು ಎದೆಯ ಮೇಲೆ ಇಟ್ಟು, ಬಿಚ್ಚಿ, ಅವಳ ಎದೆಯ ಮೇಲೆ ಇಟ್ಟೆ. ಹೋಗುತ್ತಿರುವವಳಿಗೆ ‘ನಾ ಇಲ್ಲೇ ಅದೀನಿ’ ಅಂದರೆ ಏನರ್ಥ ಬಂತು? ನೀನು ಹೋಗು, ನಾನು ಇಲ್ಲೇ ಇರುತ್ತೇನೆ ಎಂದಂತಾಯಿತಲ್ಲ! ನನ್ನ ಹತ್ತಿರ ಇದ್ದದ್ದು ಅದೊಂದೇ ಮಾತು. ಅವಳು ಅಳಲಿಲ್ಲ. ನನ್ನ ಎದೆಯ ಮೇಲೆ ಅಂಗೈ ಇಟ್ಟಳು, ಬೆರಳು ಮಡಚಿ ಏನನ್ನೋ ಹಿಡಿದುಕೊಂಡ ಹಾಗೆ ಮುಷ್ಟಿ ಮಾಡಿದಳು, ಆ ಮುಷ್ಟಿಯನ್ನು ಬಿಚ್ಚದೆ ತನ್ನ ಲಂಗದ ಜೇಬಿನೊಳಗೆ ಇಟ್ಟುಕೊಂಡಳು. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈಯನ್ನು ಹೊರಗೆ ತೆಗೆಯಲಿಲ್ಲ.

ನಮ್ಮ ಕೈಮಾತಿಗೆಂದು ನಾನೂ ಒಂದು ಪುಟ ಕಟ್ಟಿದ್ದೇನೆ, ಅದರಲ್ಲಿ ಇದನ್ನು ಹೀಗೆಯೇ ಬರೆದಿದ್ದೇನೆ. ಫೋಟೊ ಇಲ್ಲ, ಬರೀ ಮಾತು, ಮುಂದೆ ಯಾವಳಿಗಾದರೂ ಬೇಕಾದೀತು. ಅದರ ಕೆಳಗೆ ಏನೆಂದು ಹೆಸರು ಹಾಕಬೇಕೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ. ಕಿವಿಮನೆಯ ಆಯಾ ವಾರಕ್ಕೊಮ್ಮೆ ನನ್ನ ಪುಟ ತೆರೆದು, ಅದರಲ್ಲಿದ್ದ ಕೈಮಾತನ್ನು ಕಸ್ತೂರಿಗೆ ಮಾಡಿ ತೋರಿಸುತ್ತೇನೆ ಎಂದಿದ್ದಾಳೆ. ಕಸ್ತೂರಿ ಹುಡುಕುವ ಮಾತು ಮಾತ್ರ ಅಲ್ಲಿಲ್ಲ.

ಈ ಪತ್ರವನ್ನೂ ಅದೇ ಪುಟದ ಮೇಲೆ ಹಾಕುತ್ತಿದ್ದೇನೆ. ಪುಟಗಳು ಮುಂದಕ್ಕೆ ಹೋಗುತ್ತವೆಯೇ ಹೊರತು ಹಿಂದಕ್ಕೆ ಹೋಗುವುದಿಲ್ಲ ಎಂದು ಅಕ್ಕೋರು ಹೇಳಿದರು. ಅವರು ಕಲಿತವರು, ಹೇಳಲಿ. ನೀನು ಇನ್ನೂ ಆ ಯಂತ್ರದ ಮುಂದೆಯೇ ಕೂತಿದ್ದೀ, ಬಟನ್ ಒತ್ತಿಲ್ಲ, ನಿನ್ನ ಆಯಿ ಇನ್ನೂ ಮನೆಯಲ್ಲಿದ್ದಾಳೆ ಎಂದೇ ನಾನು ಬರೆಯುತ್ತಿದ್ದೇನೆ. ಕೇಳು ಮಗಳ. ಫೋಟೊಗಳನ್ನು ಪುಟದ ಜೊತೆಗೇ ಕಳಿಸು. ಪಕ್ಕದವಳ ಯಂತ್ರದಲ್ಲಿ ತೆರೆದು ನೋಡಿ ಆಮೇಲೆ ಮನೆಗೆ ಹೋಗು. ಕೈ ಏನು ಮಾಡುತ್ತದೆ ಎಂದು ಮಾತಿನಲ್ಲಿ ಬರೆ, ಫೋಟೊ ಚಂದ ಬಂದಿದ್ದರೂ ಬರೆ. ಎಲ್ಲಕ್ಕೂ ಬರೆಯಲು ಬೇಸರವಾದರೆ ಚಾ, ಮಳೆ, ಸಾವುಕಾರ ಎಲ್ಲ ಬಿಡು. ‘ಹೊಳ್ಳಿ ಬರತೀನಿ, ಅಳಬ್ಯಾಡ’ ಎಂಬ ಒಂದು ಚೌಕಕ್ಕೆ ಎರಡು ಸಾಲು ಬರೆ, ಸಾಕು.

ನಾನು ದಿನಾ ಬೆಳಗ್ಗೆ ಆಡು ಹಿಂಡುವ ಮೊದಲು ನಿನ್ನ ಪುಟ ತೆರೆದು ನೋಡುತ್ತೇನೆ. ಪತ್ರ ನಿನಗೆ ಮುಟ್ಟಿದ್ದರೆ ಆ ಚೌಕ ತುಂಬಿರಬೇಕಲ್ಲ. ಇವತ್ತೂ ನೋಡಿದೆ, ಖಾಲಿ ಇತ್ತು. ನಾಳೆ ಮತ್ತೆ ನೋಡುತ್ತೇನೆ.

ಇಂತಿ,
ತಂಗೆವ್ವ