ಚಾರ್ಮಾಡಿಗೆ ಇಲ್ಲದ ಪಾಠ

ಜುಲೈ 8, ಸೋಮವಾರ
ಮತ್ತೆ ನೆರಿಯ ಶಾಲೆ. ಒಂಬತ್ತನೆಯವರಿಗೆ ಜೀವನ ಕೌಶಲ ತರಗತಿ. ಇವತ್ತು ‘ಬೇಡ ಎನ್ನುವುದು ಹೇಗೆ’. ಪ್ರಾಪ್ತಿ ಸೋದರಮಾವನ ಪಾತ್ರ ಹಾಕಿ, “ಒಂದು ದಮ್ ಎಳಿ ಮಾರಾಯ, ಗಂಡಸಲ್ವಾ ನೀನು?” ಎಂದಳು. ಶ್ರವಣ್, “ಬೇಡ ಮಾವ, ನಿಮ್ಮ ಕೆಮ್ಮು ಕೇಳಿಯೇ ಸಾಕಾಗಿದೆ” ಎಂದ. ಇಡೀ ತರಗತಿ ನಕ್ಕಿತು.

ಮಧ್ಯಾಹ್ನ ಚಾರ್ಮಾಡಿ. ಅಲ್ಲಿ ಪಾಠವಿಲ್ಲ, ಪ್ರಶ್ನೆಪತ್ರಿಕೆ ಮಾತ್ರ. ಕಂಟ್ರೋಲ್ ಶಾಲೆಯಂತೆ. ಕಲಿತವರು ಎಷ್ಟು ಸುಧಾರಿಸಿದರೆಂದು ತೋರಿಸಲು ಕಲಿಯದವರೂ ಬೇಕಲ್ಲ! “ಅಲ್ಲಿ ಒಂದಕ್ಷರ ಹೇಳಿದರೂ ನನ್ನ ಸಂಶೋಧನೆ ಹಾಳು, ಪ್ರೇಮಾವತಿಯವರೇ,” ಎಂದಿದ್ದಾರೆ ರಮಾನಾಥ ಸರ್. ಪುಣ್ಯಾತ್ಮರ ಪಿಎಚ್‌ಡಿ ಮುಗಿಯುವವರೆಗೆ ಈ ಮಕ್ಕಳು ಪೆದ್ದರಾಗಿಯೇ ಇರಬೇಕು.

ಜುಲೈ 22
ಚಾರ್ಮಾಡಿಯ ಸಾತ್ವಿಕಾ ಗೇಟಿನ ಬಳಿ ಅಡ್ಡಗಟ್ಟಿದಳು. ಪ್ರಾಪ್ತಿಯ ಚಿಕ್ಕಪ್ಪನ ಮಗಳು. “ಟೀಚರ್, ಅವಳಿಗೆ ಹೇಳಿಕೊಟ್ಟದ್ದು ನಮಗೆ ಯಾಕೆ ಇಲ್ಲ?”

ಶಾಲೆಗೆ ಮಕ್ಕಳನ್ನು ತರುವ ಜೀಪಿನ ಲತೇಶ ದಿನಾ ಸಾತ್ವಿಕಾಳನ್ನೇ ಪಕ್ಕದಲ್ಲಿ ಕೂರಿಸುತ್ತಾನಂತೆ. ಗೇರು ಹಾಕುವ ನೆಪ... ಕೈ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆಂದು ಭಯ.

ಸರ್‌ಗೆ ಫೋನ್ ಮಾಡಿದೆ. “ನೀವು ಮಾತಾಡ್ಬೇಡಿ. ಕೊನೆಯ ಟೆಸ್ಟ್ ಆಗಲಿ, ಮತ್ತೆ ನೋಡುವ.”

ಅಲ್ಲಿಯವರೆಗೆ ಲತೇಶನೂ ಕಾಯುತ್ತಾನೆಯೇ?

ಜುಲೈ 23
ಹೇಳಿಕೊಟ್ಟೆ. ನಳ್ಳಿಯ ಹತ್ತಿರ ನಿಲ್ಲಿಸಿ. “ಎಲ್ಲರಿಗೂ ಕೇಳಬೇಕು. ಗಟ್ಟಿ!” ಮೊದಲು ಬೆಕ್ಕಿನ ಮರಿಯ ದನಿ. ಆಮೇಲೆ ಬಟ್ಟಲು ತೊಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಜುಲೈ 29
ಜೀಪಿನಲ್ಲಿ ಕೂಗಿದಳಂತೆ— “ಕೈ ತೆಗಿ ಲತೇಶಣ್ಣ!” ಮಕ್ಕಳೆಲ್ಲ ಕೇಳಿದ್ದಾರೆ.

ಸಂಜೆ ಅವಳ ಅಪ್ಪ ಧರ್ಣಪ್ಪನವರ ಫೋನ್. “ನೀವು ಕಲಿಸಿದ್ದಲ್ವಾ? ಊರಿಡೀ ಮಾನ ಹೋಯ್ತು. ಅವಳು ಇನ್ನು ಶಾಲೆಗೆ ಬರುವುದಿಲ್ಲ.”

“ಲತೇಶನಿಗೆ ಎಂತ ಹೇಳಿದ್ರಿ?” ಎಂದೆ.

ಫೋನ್ ಇಟ್ಟರು.

ಆಗಸ್ಟ್ 13
ಟೆಸ್ಟ್ ಫಲಿತಾಂಶ. ಚಾರ್ಮಾಡಿಯ ಹುಡುಗಿಯರು ನೆರಿಯದವರಿಗೆ ಸರಿಸಮ! ಸಾತ್ವಿಕಾ ಮಾತ್ರ ಗೈರು.

ರಮಾನಾಥ ಸರ್ ಮೇಜು ಗುದ್ದಿದರು. “ಯಾರಿಗೆಲ್ಲ ಕಲಿಸಿದ್ರಿ?”

“ಒಬ್ಬಳಿಗೆ ಸರ್. ಉಳಿದವರಿಗೆ ಅವಳೇ ಕಲಿಸಿದ್ದು.”

“ನಾಳೆಯಿಂದ ನೀವು ಬೇಡ.”

“ಸಂತೋಷ ಸರ್. ನಿಮಗೆ ‘ಬೇಡ’ ಎನ್ನಲು ಪಾಠ ಇಲ್ಲದೆಯೇ ಬರ್ತದಲ್ಲ.”

ಆಗಸ್ಟ್ 14, ಬೆಳಿಗ್ಗೆ 10
ಕೆಲಸವಿಲ್ಲ. ಆದರೂ ಚಾರ್ಮಾಡಿ ಬಸ್ಸು ಹತ್ತಿದ್ದೆ. ಧರ್ಣಪ್ಪನವರ ಅಂಗಳದಲ್ಲಿ ನನಗಿಂತ ಮೊದಲೇ ತರಗತಿಯ ಹುಡುಗಿಯರು, ಕೊಡೆ ಹಿಡಿದು.

“ಮಾವ, ಅವಳನ್ನು ಕಳಿಸಿ. ಜೀಪು ಬೇಡ, ನಡೆದೇ ಹೋಗುವ.”

ರಸ್ತೆಯಲ್ಲಿ ಲತೇಶ ಹಾರ್ನ್ ಮೇಲೆ ಹಾರ್ನ್. ಒಬ್ಬಳೂ ತಿರುಗಲಿಲ್ಲ. ಧರ್ಣಪ್ಪ ನನ್ನನ್ನು ಕಂಡು ಉರಿದರು. “ಇದೂ ನಿಮ್ಮದೇ ಕಿತಾಪತಿಯಾ?” ಅಷ್ಟರಲ್ಲಿ ಸಾತ್ವಿಕಾ ಯೂನಿಫಾರ್ಮಿನಲ್ಲಿ ಹೊರಬಂದಳು. “ಅಪ್ಪ, ದಾರಿ ಬಿಡಿ.”

ಬಿಟ್ಟರು. ಅವಳ ಮುಖ ನೋಡಲಿಲ್ಲ, ನನ್ನದೂ ನೋಡಲಿಲ್ಲ. ನೇರ ರಸ್ತೆಗೆ ಹೋಗಿ ಜೀಪಿನ ಮುಂದೆ ನಿಂತರು. “ಗಾಡಿ ಆಫ್ ಮಾಡು.” ಲತೇಶ ರಿವರ್ಸ್ ಹಾಕಲು ನೋಡಿದ. ಹಿಂದೆ ಹುಡುಗಿಯರು ನಿಂತಾಗಿತ್ತು.

ಈಗ ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತಿದ್ದೇನೆ. ಒಳಗೆ ಸಾತ್ವಿಕಾ ನಡೆದದ್ದನ್ನೆಲ್ಲ ಹೇಳುತ್ತಿದ್ದಾಳೆ, ಇಲ್ಲಿಯವರೆಗೆ ಕೇಳಿಸುತ್ತಿದೆ. ನನ್ನನ್ನೂ ಕರೆ—