ಸೇರಿಸಿದ ಉಪ್ಪು

ಬುಧವಾರ, ಸಂಜೆ

ಪುಟ್ಟೀ,

ನನ್ನ ಫೋನು ಎತ್ತಬೇಡ, ಪರವಾಗಿಲ್ಲ. ಹಾಸ್ಟೆಲ್ಲಿನ ಬಾಗಿಲಲ್ಲಿ ಕೊಟ್ಟುಹೋಗುವ ಈ ಕಾಗದವನ್ನಾದರೂ ಕೊನೆಯವರೆಗೆ ಓದು. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಬೇಡ ಎಂದದ್ದಕ್ಕೆ ಮುನಿದು ಮನೆ ಬಿಟ್ಟವಳು ನೀನು. ಅಮ್ಮನ ಮೇಲೆ ಮುನಿಯಲು ಅದಕ್ಕಿಂತ ದೊಡ್ಡ ಕಾರಣವಿದೆ.

ಇವತ್ತು ಲ್ಯಾಬಿನಲ್ಲಿ ಒಂದು ಬಾಟಲಿ ಕೆಡಿಸಿದೆ. ನಮ್ಮ ಕಲೆ ತೆಗೆಯುವ ದ್ರಾವಣವನ್ನು ನೀನು ಚಿಕ್ಕಂದಿನಿಂದ ಬಲ್ಲೆ: ನೀರು, ಎಣ್ಣೆ, ಸಾಬೂನು. ಹೊಂದದವರನ್ನು ಜನ ಎಣ್ಣೆ-ಸೀಗೆಕಾಯಿ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಎಣ್ಣೆಯನ್ನು ನೀರಿನಲ್ಲಿ ಬಾಳಿಸುವುದೇ ಆ ಸೀಗೆಕಾಯಿಯ ಗುಣ! ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಹನಿಗಳು ಸಾಬೂನಿನ ಅಂಗಿ ತೊಟ್ಟು, ಒಂದನ್ನೊಂದು ಮೆಲ್ಲಗೆ ದೂರ ತಳ್ಳುತ್ತ ಇರುತ್ತವೆ. ತುಸು ಆಲ್ಕೋಹಾಲ್ ಸೇರಿಸಿದರೆ ಅಂಗಿ ಮೆತ್ತಗಾಗಿ ಹನಿ ಇನ್ನೂ ಸಣ್ಣದಾಗುತ್ತದೆ, ಬಾಟಲಿ ತಿಳಿಯಾಗುತ್ತದೆ. ನಾನು ಅದರ ಬದಲು ಉಪ್ಪುನೀರು ಸುರಿದೆ. ತಳ್ಳುವ ಬಲ ಹೋಗಿ ಹನಿಗಳು ಹತ್ತಿರ ಬಂದವು, ಅಂಟಿಕೊಂಡವು, ಮಜ್ಜಿಗೆಯಂತೆ ಕದಡಿದವು. ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ, ನೀರು ಕೆಳಗೆ.

ಬಾಟಲಿ ಹಿಡಿದುಕೊಂಡೇ ಅತ್ತುಬಿಟ್ಟೆ. ಪಕ್ಕದ ಮೇಜಿನ ಹುಡುಗಿ, ಒಂದು ಬಾಟಲಿಗೆ ಇಷ್ಟೊಂದಾ ಮೇಡಂ, ಎಂದು ನಕ್ಕಳು. ಅವಳಿಗೇನು ಗೊತ್ತು.

ಕಳೆದ ತಿಂಗಳು ಗಂಡನ ಜೊತೆ ಜಗಳವಾಡಿ ಮನೆಗೆ ಬಂದಾಗ ನೀನು ಹೇಳಿದ್ದು, ಎರಡು ದಿನ ನನ್ನ ಪಾಡಿಗೆ ಬಿಡಿ, ಎಂದಷ್ಟೇ. ಅಳಿಯಂದಿರು ಕೇಳಿಕೊಂಡು ಬಂದಾಗ ನಾನು ಅದಕ್ಕೆ ಉಪ್ಪು ಖಾರ ಹಚ್ಚಿದೆ. ನಿಮ್ಮ ಜೊತೆ ಬಾಳೋಕೆ ಆಗಲ್ಲ ಅಂತಾಳೆ, ಎಂದೆ. ಹೆದರಿ ಒಳಗೆ ನುಗ್ಗಿ ನಿನ್ನನ್ನು ಕರೆದೊಯ್ಯಲಿ ಎಂಬ ಆಸೆ ನನ್ನದು. ಆದರೆ ಗಡಿಯಾರ ರಿಪೇರಿ ಮಾಡುವ ಅವರಿಗೆ ಮುಳ್ಳು ತೋರಿಸಿದ್ದೇ ಹೊತ್ತು, ಕಿವಿಗೆ ಬಿದ್ದದ್ದೇ ನಿಜ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಿಮ್ಮಿಬ್ಬರ ನಡುವಿನ ಆ ತುಸು ದೂರವೇ ಸಂಸಾರವನ್ನು ತಿಳಿಯಾಗಿಟ್ಟಿತ್ತೇನೋ. ಬೇಗ ಹತ್ತಿರ ತರಲು ಹೋಗಿ ಒಡೆದೆ. ಜೀವಮಾನವೆಲ್ಲ ಇದೇ ಕೆಲಸ ಮಾಡಿದವಳಿಗೆ ಇಷ್ಟು ತಿಳಿಯದೆ ಹೋಯಿತಲ್ಲ!

ಶುಕ್ರವಾರ ವಕೀಲರ ಮುಂದೆ ಸಹಿ ಹಾಕುವ ಮೊದಲು ಒಮ್ಮೆ ನಿನ್ನ ಗಂಡನನ್ನೇ ಕೇಳು. ಯಾರ ಬಾಯಿಂದಲೂ ಬೇಡ, ನನ್ನ ಬಾಯಿಂದಂತೂ ಬೇಡವೇ ಬೇಡ.

ಕ್ಷಮಿಸು ಎನ್ನಲೂ ಮುಖವಿಲ್ಲದ,
ನಿನ್ನ ಅಮ್ಮ

ಮೇಲೆ ಬರೆಯದೆ ಬಿಟ್ಟದ್ದು: ಅಳಿಯಂದಿರು ಹೋದರೆ ಹೋಗಲಿ ಅಂದರು ಎಂದು ನಿನಗೆ ಹೇಳಿದ್ದೆನಲ್ಲ, ಅದೂ ನನ್ನದೇ ಉಪ್ಪು. ಬಾಗಿಲಲ್ಲಿ ನಿಂತು ಅವರು ಕೇಳಿದ್ದು, “ಅತ್ತೆ, ಅವಳು ಊಟ ಮಾಡಿದಾಳಾ?” ಎಂದು. ಇದಕ್ಕೆ ನಾನು ಏನನ್ನೂ ಸೇರಿಸಿಲ್ಲ.