ಮೊದಲು ನೀರೋ ಬೆಳಕೋ

ತೂಗುಕೇರಿ, ಇವತ್ತಿನ ಹನ್ನೊಂದನೆಯ ಸೂರ್ಯೋದಯ, ನಿಮ್ಮ ಪಂಚಾಂಗಗಳು ಮುಗಿದ ಮೇಲಿನ ನಾನೂರನೆಯ ವರ್ಷ.

ನಮಗಿಂತ ಎಷ್ಟೋ ತಲೆಮಾರು ಹಿಂದೆ ಭೂಮಿಯ ಮೇಲೆ ಬಾಳುತ್ತಿರುವ ಹಿರಿಯರಿಗೆ ಬೊಮ್ಮಕ್ಕನ ನಮಸ್ಕಾರ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಶಾಲೆಯ ಕೋಣೆಯಲ್ಲಿ ಗಾಳಿ ಸೋರಿ ಬಾಗಿಲು ಮುಚ್ಚಿದ್ದರಿಂದ ನನ್ನ ಓದು ಅರ್ಧಕ್ಕೇ ನಿಂತಿತು. ತೂಗುಕೇರಿ ಅಂದರೆ ಭೂಮಿಯನ್ನು ಸುತ್ತುತ್ತಾ ಆಕಾಶದಲ್ಲಿರುವ ನಮ್ಮ ಊರು. ದಿನಕ್ಕೆ ಎಷ್ಟೋ ಸಲ ಬೆಳಗಾಗುತ್ತದೆ.

ಸೊಸೆ ದೇವೀರಿ ಹೆತ್ತಿದ್ದಾಳೆ. ಹೆಣ್ಣು ಮಗು. ಸಂತೋಷಪಡಬೇಕು, ಆದರೆ ನನಗೆ ಊಟ ಸೇರುತ್ತಿಲ್ಲ. ನಮ್ಮಲ್ಲಿ ‘ಆದಿಶಾಸ್ತ್ರ’ ಎಂಬ ಪದ್ಧತಿ ಇದೆ. ಲೋಕ ಯಾವುದರಿಂದ ಹುಟ್ಟಿತೋ ಅದನ್ನೇ ಮಗುವಿಗೆ ಮೊಟ್ಟಮೊದಲು ಕೊಡುವುದು. ನಮ್ಮ ಮನೆತನದ ಪ್ರಕಾರ ಆದಿಯಲ್ಲಿ ಬರೀ ನೀರು, ಅದರ ಮೇಲೆ ತೇಲುತ್ತಿದ್ದ ಮೊಟ್ಟೆ ಒಡೆದು ಲೋಕವಾಯಿತು. ಹಾಗಾಗಿ ನಾಲಿಗೆಗೆ ಒಂದು ತೊಟ್ಟು ನೀರು. ದೇವೀರಿಯ ತಾಯಿ, ನಮ್ಮ ಬೀಗಿತ್ತಿ ಹೊನ್ನಾರಿಯ ಕಡೆ ನೀರೂ ಇಲ್ಲ, ಮೊಟ್ಟೆಯೂ ಇಲ್ಲ. ಒಂದು ಚುಕ್ಕೆ ಸಿಡಿದು ಬೆಳಕಾಯಿತಂತೆ. ಅವರು ಕಣ್ಣಿಗೆ ದೀಪ ತೋರಿಸುತ್ತಾರೆ. ಯಾರ ಶಾಸ್ತ್ರ ಮೊದಲಾಯಿತೋ ಮಗು ಅವರ ಕೇರಿಯಲ್ಲೇ ಬೆಳೆಯಬೇಕು. ಅವರ ಕೇರಿ ಚಂದ್ರನ ಆಚೆಗಿದೆ. ಹೋದರೆ ನಾನು ಮತ್ತೆ ಮೊಮ್ಮಗಳ ಮುಖ ನೋಡಿದ ಹಾಗೇ!

ಹೆರಿಗೆ ಕೋಣೆಯ ಬಾಗಿಲಲ್ಲಿ ನಾನು ನೀರಿನ ಬಟ್ಟಲು ಹಿಡಿದು, ಹೊನ್ನಾರಿ ದೀಪ ಹಿಡಿದು ನಿಂತೆವು. “ಬೀಗಿತ್ತೀ, ನಿಮ್ಮ ಆದಿಜಲ ನಿನ್ನೆ ಯಾರ ಬೆವರಾಗಿತ್ತೋ?” ಅಂದಳು. ಇಲ್ಲಿ ಎಲ್ಲ ನೀರನ್ನೂ ಸೋಸಿ ಮತ್ತೆ ಕುಡಿಯುತ್ತೇವೆ. ಬೆಂಕಿ ಹಚ್ಚಲಂತೂ ಬಿಡುವುದಿಲ್ಲ. “ನಿಮ್ಮ ಆದಿಬೆಳಕಿಗೆ ಸ್ವಿಚ್ ಇದೆಯಲ್ಲ ತಾಯಿ” ಅಂದೆ ನಾನೂ. ಸೂಲಗಿತ್ತಿ ನಕ್ಕುಬಿಟ್ಟಳು. ಅಷ್ಟರಲ್ಲಿ ಮಗು ಬಂದೇಬಿಟ್ಟಿತು. ಮೈಯೆಲ್ಲ ಒದ್ದೆ. ಕೋಣೆಯ ಬೆಳಕಿಗೆ ಕಣ್ಣು ಮುಚ್ಚಿ ಮುಖ ಕಿವುಚಿತು. ನಾವು ಏನಾದರೂ ಕೊಡುವ ಮೊದಲೇ ನೀರೂ ಆಗಿತ್ತು, ಬೆಳಕೂ ಆಗಿತ್ತು.

ಯಾವುದು ಮೊದಲು? ಒದ್ದೆಯಾಗಿಯೇ ಬಂತು, ಹಾಗಾದರೆ ನೀರೇ ಅನ್ನುತ್ತೇನೆ. ಆದರೆ ಶಾಲೆಯಲ್ಲಿ ಮೇಡಂ, ನೀರು ತೀರಾ ಆಮೇಲೆ ಬಂದದ್ದು, ನಕ್ಷತ್ರಗಳ ಒಲೆಯಲ್ಲಿ ಬೆಂದ ವಸ್ತು ಅದರಲ್ಲಿ ಸೇರಿದೆ ಎಂದಿದ್ದರು. ಮುಂದಿನ ಪಾಠಕ್ಕೆ ಮೊದಲೇ ಗಾಳಿ ಸೋರಿತು. ಮೊಟ್ಟೆ ಒಡೆದದ್ದು, ಚುಕ್ಕೆ ಸಿಡಿದದ್ದು ಒಂದೇ ಇರಬಹುದೇ? ಇದ್ದರೆ ಇಷ್ಟು ತಲೆಮಾರು ಜಗಳವಾಡಿದ್ದು ಯಾಕೆ? ನನಗಂತೂ ತಲೆ ಕೆಟ್ಟಿದೆ. ತೀರ್ಮಾನ ಆಗುವವರೆಗೆ ಮಗುವನ್ನು ಎಲ್ಲಿಗೂ ಒಯ್ಯುವಂತಿಲ್ಲ ಎಂದಿದ್ದಾರೆ ಕೇರಿಯ ಹಿರಿಯರು.

ನಿಮ್ಮ ಮಕ್ಕಳೂ ಹೀಗೇ ಒದ್ದೆಯಾಗಿ, ಮುಖ ಕಿವುಚಿಕೊಂಡೇ ಹುಟ್ಟುತ್ತಿರಬೇಕು. ನೀವು ಯಾವುದು ಮೊದಲು ಎಂದುಕೊಂಡಿರಿ? ಕಲ್ಲಿನ ಮೇಲಾದರೂ ಕೆತ್ತಿಡಿ, ನಮಗೆ ತಲುಪಲಿ. ಆದರೆ ನೀವು ಕೆತ್ತಿದ್ದರೆ ಇಷ್ಟು ಹೊತ್ತಿಗೆ ಸಿಕ್ಕಿರಬೇಕಿತ್ತಲ್ಲ! ಮರೆತಿರೋ, ನಿಮಗೂ ಗೊತ್ತಿಲ್ಲವೋ?

ಮಗುವನ್ನು ಕೆಳಗಿಡಲು ಭಯವಾಗಿ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ತೋಳು ಸೋತಿದೆ. ಹೊನ್ನಾರಿ ಎದುರಿಗೇ ಕೂತು ಕೈ ಚಾಚಿದ್ದಾಳೆ, “ಕೊಡಿ ಬೀಗಿತ್ತೀ, ಒಂದು ಗಳಿಗೆ.” ಅವಳ ದೀಪ ಎಲ್ಲೋ ಮೂಲೆಯಲ್ಲಿದೆ. ಕೊಡುತ್ತೇನೆ.

ಹಿರಿಯರೇ, ಬೇಗ ಬರೆಯಿರಿ ಅನ್ನಬೇಕೆಂದಿದ್ದೆ. ಬೇಡ, ನಿಧಾನವಾಗಿಯೇ ಯೋಚಿಸಿ.